ಲೂಪ್‌ನಲ್ಲಿ ಲೀಕ್ ಇಲ್ಲ, ಆದರೂ ಬ್ಲಾಕ್ ಮೇಲೆ ನೀರು: ಮಳೆಗಾಲ, ಎಸಿ ಕೋಣೆ ಮತ್ತು ವಾಟರ್ ಕೂಲಿಂಗ್

ಕಡಲ್_ಎಡಿಟ್, ಮಂಗಳೂರು
ಎಲ್ಲರಿಗೂ ನಮಸ್ಕಾರ. ಮದುವೆ ವಿಡಿಯೋ ಎಡಿಟಿಂಗ್ ನಮ್ಮ ಕಸುಬು. ಸ್ಟುಡಿಯೋ ಅಂದರೆ ಒಂದೇ ಕೋಣೆ, ಒಂದು ಎಸಿ, ಎರಡು ಕಂಪ್ಯೂಟರ್. ದೊಡ್ಡ ಮೆಷಿನ್‌ಗೆ ಹೋದ ಡಿಸೆಂಬರ್‌ನಲ್ಲಿ ಕಸ್ಟಮ್ ಲೂಪ್ ಹಾಕಿಸಿದೆ, ಅಂದರೆ ಪೈಪಿನಲ್ಲಿ ನೀರು ಸುತ್ತಿಸಿ ಚಿಪ್ ತಂಪು ಮಾಡುವ ವ್ಯವಸ್ಥೆ. 360 ಎಂಎಂ ರೇಡಿಯೇಟರ್, ಸಿಪಿಯುಗೆ ಒಂದು ಬ್ಲಾಕ್ (ಚಿಪ್ ಮೇಲೆ ಕೂರುವ, ಒಳಗೆ ನೀರು ಹರಿಯುವ ಲೋಹದ ತುಂಡು), ಗ್ರಾಫಿಕ್ಸ್ ಕಾರ್ಡ್‌ಗೆ ಒಂದು, ನೀಲಿ ಬಣ್ಣದ ಕೂಲಂಟ್. ಒಟ್ಟು ಒಂದೂವರೆ ಲೀಟರ್ ಹಿಡಿಯುತ್ತದೆ. ಮೇ ಮುಗಿಯುವವರೆಗೆ ಒಂದು ತೊಂದರೆ ಇಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶುರುವಾಯಿತು. ಬೆಳಿಗ್ಗೆ ಬಂದು ನೋಡಿದರೆ ಕೂಲಂಟ್ ತುಂಬುವ ರಿಸರ್ವಾಯರ್ ಕೆಳಗೆ ಒಂದು ಸಣ್ಣ ನೀರಿನ ಉಂಗುರ ಒಣಗಿದ ಗುರುತು. ಒಂದು ರಾತ್ರಿ ಕೆಲಸ ಮುಗಿಸಿ ಹೊರಡುವಾಗ ಮೊಬೈಲ್ ಟಾರ್ಚ್ ಹಾಕಿ ನೋಡಿದೆ, ಸಿಪಿಯು ಬ್ಲಾಕ್‌ನ ಅಂಚಿನಲ್ಲಿ ಸಾಲಾಗಿ ಹನಿ, ಟ್ಯೂಬ್ ಮೇಲೆಲ್ಲ ಹನಿ. ಎದೆ ಧಸಕ್ ಅಂತು. ಅಂಗಡಿಯವರಿಗೆ ಹೇಳಿದೆ, ಎರಡು ಸಲ ಬಂದು ಓ-ರಿಂಗ್ ಬದಲಿಸಿದರು, ಎರಡು ಸಲವೂ ಹಣ ತೆಗೆದುಕೊಂಡರು. ನಿನ್ನೆ ರಾತ್ರಿ ಮತ್ತೆ ಅದೇ ಕಥೆ. ಒಳಗೆ ಗಿರಾಕಿಗಳ ಮದುವೆಯ ಫುಟೇಜ್ ಉಂಟು, ಅದು ಹೋದರೆ ತಿರುಗಿ ಶೂಟ್ ಮಾಡಲಿಕ್ಕಾಗುವುದಿಲ್ಲ. ನೀರನ್ನು ಫ್ರಿಜ್ ಹಾಗೆ ತಂಪು ಮಾಡುವ ಚಿಲ್ಲರ್ ಇಲ್ಲ, ಐಸ್ ಇಲ್ಲ, ಎಂತದೂ ಇಲ್ಲ. ಬರೀ ರೇಡಿಯೇಟರ್, ಫ್ಯಾನ್. ದಯವಿಟ್ಟು ಗೊತ್ತಿದ್ದವರು ಹೇಳಿ.

ಸಾಕೆಟ್_ಬೆಂಗಳೂರು
ಲೀಕ್ ಗುರು, ಬೇರೆ ಏನೂ ಅಲ್ಲ. ಚಿಲ್ಲರ್ ಇಲ್ಲದ ಲೂಪ್‌ನಲ್ಲಿ ಕಂಡೆನ್ಸೇಷನ್, ಅಂದ್ರೆ ಗಾಳಿಯ ಆವಿ ಹನಿಗಟ್ಟೋದು, ಆಗೋದೇ ಇಲ್ಲ. ರೇಡಿಯೇಟರ್ ನೀರನ್ನ ಕೋಣೆಯ ಗಾಳಿಗಿಂತ ತಂಪು ಮಾಡೋಕೆ ಆಗಲ್ಲ. ಲೋಡ್‌ನಲ್ಲಿ ನೀರು ಯಾವಾಗಲೂ ಗಾಳಿಗಿಂತ ಐದು–ಹತ್ತು ಡಿಗ್ರಿ ಮೇಲೇ ಇರುತ್ತೆ. ಗಾಳಿಗಿಂತ ಬಿಸಿ ಇರೋ ವಸ್ತು ಮೇಲೆ ಹನಿ ಹೇಗೆ ಕೂರುತ್ತೆ? ಮೆಷಿನ್ ಆಫ್ ಮಾಡಿ, ಲೂಪ್ ಖಾಲಿ ಮಾಡಿ, ಗಾಳಿ ಪಂಪ್ ಹಾಕಿ ಪ್ರೆಷರ್ ಟೆಸ್ಟ್ ಮಾಡಿ. ಇನ್ನೊಂದು ಸಲ ಆನ್ ಮಾಡೋಕೆ ಮುಂಚೆ ಇದನ್ನ ಮಾಡಿ, ಪ್ಲೀಸ್.

ತಂಪು_ಕೆಲಸ, ಉಡುಪಿ
ಪ್ರೆಷರ್ ಟೆಸ್ಟ್ ಮಾಡುವ ಮೊದಲು ಮೂರು ವಿಷಯ ನೋಡಿ ಹೇಳಿ ಮಾರಾಯ್ರೆ. ಆ ಹನಿಯನ್ನು ಬಿಳಿ ಟಿಶ್ಯೂನಲ್ಲಿ ಒತ್ತಿದರೆ ನೀಲಿ ಬರುತ್ತದಾ? ರಿಸರ್ವಾಯರ್‌ನಲ್ಲಿ ಮಟ್ಟ ಇಳಿದಿದೆಯಾ? ಹನಿ ಕಂಡದ್ದು ಯಾವಾಗ, ಎಸಿ ಓಡುವಾಗಲಾ ಅಥವಾ ಬಂದ್ ಮಾಡಿ ಕಿಟಕಿ ತೆಗೆದ ಮೇಲಾ?

ಕಡಲ್_ಎಡಿಟ್, ಮಂಗಳೂರು
ಟಿಶ್ಯೂ ಈಗಲೇ ಒತ್ತಿ ನೋಡಿದೆ, ಬಣ್ಣವೇ ಇಲ್ಲ, ಅಂಟೂ ಇಲ್ಲ, ಶುದ್ಧ ನೀರಿನ ಹಾಗೆ. ರಿಸರ್ವಾಯರ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿದ್ದೆ, ಕೂದಲೆಳೆಯಷ್ಟೂ ಇಳಿದಿಲ್ಲ. ಮೂರನೆಯದು ಕೇಳಿದ್ದು ಒಳ್ಳೆಯದಾಯಿತು, ನಾನು ಆ ಕಡೆ ಯೋಚಿಸಿಯೇ ಇರಲಿಲ್ಲ. ಇಡೀ ದಿನ ಎಸಿ 20ರಲ್ಲಿ ಓಡುತ್ತದೆ. ರಾತ್ರಿ ಎಂಟಕ್ಕೆ ಕಂಪ್ಯೂಟರ್, ಎಸಿ ಎರಡನ್ನೂ ಬಂದ್ ಮಾಡಿ, ಕೋಣೆಯ ವಾಸನೆ ಹೋಗಲಿ ಅಂತ ಕಿಟಕಿ ತೆಗೆದು, ಊಟ ಮುಗಿಸಿ ಬಂದು ಬೀಗ ಹಾಕುತ್ತೇನೆ. ಹನಿ ಕಂಡದ್ದೆಲ್ಲ ಊಟ ಮುಗಿಸಿ ಬಂದ ಮೇಲೆಯೇ.

ತಂಪು_ಕೆಲಸ, ಉಡುಪಿ
ಹಾಗಾದರೆ ನಿಮ್ಮ ಲೂಪ್ ಸರಿ ಉಂಟು. ನೀರು ಪೈಪಿನ ಒಳಗಿಂದ ಬಂದದ್ದಲ್ಲ, ಕಿಟಕಿಯಿಂದ ಬಂದದ್ದು.

ಬೆಂಗಳೂರಿನಿಂದ ರಾತ್ರಿ ಎಸಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಮಂಗಳೂರಿನಲ್ಲಿ ಇಳಿದಾಗ ಎಂತ ಆಗುತ್ತದೆ? ಮೆಟ್ಟಿಲು ಇಳಿದ ಕೂಡಲೇ ಕನ್ನಡಕ ಪೂರಾ ಮಂಜು. ಒರೆಸಿದರೂ ಮತ್ತೆ ಮಂಜು. ಕನ್ನಡಕ ಸೋರಿತು ಅಂತ ಯಾರೂ ಹೇಳುವುದಿಲ್ಲ. ಗಾಜು ಬಸ್ಸಿನೊಳಗೆ ತಣ್ಣಗಾಗಿದೆ, ಹೊರಗಿನ ಗಾಳಿಯಲ್ಲಿ ನೀರು ತುಂಬಿದೆ, ತಣ್ಣನೆಯ ಗಾಜು ಸಿಕ್ಕಿದ ಕೂಡಲೇ ಕೂತುಕೊಳ್ಳುತ್ತದೆ. ನಿಮ್ಮ ಕಂಪ್ಯೂಟರ್ ದಿನವೂ ರಾತ್ರಿ ಎಂಟಕ್ಕೆ ಆ ಬಸ್ಸಿನಿಂದ ಇಳಿಯುತ್ತಿದೆ.

ಕನ್ನಡಕ ಐದು ನಿಮಿಷದಲ್ಲಿ ಬಿಸಿಯಾಗಿ ಮಂಜು ಹೋಗುತ್ತದೆ. ಮದರ್‌ಬೋರ್ಡ್, ಫ್ಯಾನ್ ಎಲ್ಲ ತೆಳು ವಸ್ತುಗಳು, ಅವೂ ಬೇಗ ಬಿಸಿಯಾಗುತ್ತವೆ. ಒಂದೂವರೆ ಲೀಟರ್ ನೀರು, ತಾಮ್ರದ ಬ್ಲಾಕ್, ರೇಡಿಯೇಟರ್ ಹಾಗಲ್ಲ, ತಂಪನ್ನು ಗಂಟೆಗಟ್ಟಲೆ ಹಿಡಿದುಕೊಂಡು ಕೂರುತ್ತವೆ. ಅದಕ್ಕೇ ಹನಿ ಸರಿಯಾಗಿ ನೀರು ಹರಿಯುವ ಜಾಗದಲ್ಲಿ ಮಾತ್ರ ಕಾಣುವುದು, ನೋಡಿದವರೆಲ್ಲ ಲೀಕ್ ಅನ್ನುವುದು. ಅಂಗಡಿಯವರು ಹಗಲು ಎಸಿ ಓಡುವಾಗ ಬಂದು ನೋಡಿದ್ದಾರೆ. ಆ ಹೊತ್ತಿಗೆ ಹನಿ ಇರುವುದೇ ಇಲ್ಲ.

ಸಾಕೆಟ್_ಬೆಂಗಳೂರು
ಒಪ್ಪಿದೆ ಸಾರ್. ನಾನು ಹೇಳಿದ್ದು ಮೆಷಿನ್ ಓಡ್ತಾ ಇರುವಾಗ, ಕೋಣೆಯ ಗಾಳಿ ಬದಲಾಗದೆ ಇರುವಾಗ ಸರಿ. ಆಫ್ ಆದ ಮೇಲೆ ಕೋಣೆಗೆ ಬೇರೆ ಗಾಳಿ ಬರುತ್ತೆ ಅನ್ನೋದು ನನ್ನ ತಲೆಗೆ ಬಂದಿರಲಿಲ್ಲ. ಬೆಂಗಳೂರಿನಲ್ಲಿ ಕೂತು ಮಂಗಳೂರಿನ ಗಾಳಿ ಲೆಕ್ಕ ಹಾಕಿದ್ದು ತಪ್ಪು.

ಭೌತಶಾಸ್ತ್ರ_ಮೇಡಂ, ಶಿವಮೊಗ್ಗ
ಇದಕ್ಕೆ ಅಂಕಿ ಇಟ್ಟರೆ ಗಟ್ಟಿಯಾಗುತ್ತದೆ. ಗಾಳಿ ಯಾವ ಉಷ್ಣತೆಗೆ ಇಳಿದರೆ ಅದರಲ್ಲಿರುವ ಆವಿ ನೀರಾಗಲು ಶುರುವಾಗುತ್ತದೋ ಅದೇ ಇಬ್ಬನಿ ಬಿಂದು. ಮಂಗಳೂರಿನ ಮಳೆಗಾಲದ ರಾತ್ರಿ, ಹೊರಗೆ 26 ಡಿಗ್ರಿ, ತೇವಾಂಶ ಶೇ. 95 ಅಂದುಕೊಳ್ಳಿ. ಇಬ್ಬನಿ ಬಿಂದು 25ರ ಸುತ್ತ ಬರುತ್ತದೆ. ನಿಮ್ಮ ಲೂಪ್ ಆ ಹೊತ್ತಿಗೆ 21–22ರಲ್ಲಿದೆ. ಮೂರು–ನಾಲ್ಕು ಡಿಗ್ರಿ ಕೆಳಗೆ. ಒದ್ದೆಯಾಗಲೇಬೇಕು. ಅದೇ ಕೋಣೆಯಲ್ಲಿ ಎಸಿ ಓಡುವಾಗ 22 ಡಿಗ್ರಿ, ಶೇ. 50 ಇದ್ದರೆ ಇಬ್ಬನಿ ಬಿಂದು ಬರೀ 11. ಹಾಗಾಗಿ ಹಗಲೆಲ್ಲ ಒಣಗಿಯೇ ಇರುತ್ತದೆ.

ತೇವಾಂಶ ಅರ್ಧಕ್ಕಿಂತ ಹೆಚ್ಚಿರುವಾಗ ಬಾಯಿಲೆಕ್ಕವೂ ನಡೆಯುತ್ತದೆ: ತೇವಾಂಶ ನೂರಕ್ಕಿಂತ ಎಷ್ಟು ಕಡಿಮೆಯೋ ಅದನ್ನು ಐದರಿಂದ ಭಾಗಿಸಿ, ಕೋಣೆಯ ಉಷ್ಣತೆಯಿಂದ ಕಳೆಯಿರಿ. 30 ಡಿಗ್ರಿ, ಶೇ. 80 ಇದ್ದರೆ ಇಪ್ಪತ್ತನ್ನು ಐದರಿಂದ ಭಾಗಿಸಿ ನಾಲ್ಕು, ಮೂವತ್ತರಲ್ಲಿ ನಾಲ್ಕು ಕಳೆದು 26. ನಿಖರ ಸೂತ್ರ ಹಾಕಿದರೂ 26.2 ಬರುತ್ತದೆ.

ಹಲವರು ತಪ್ಪುವ ಒಂದು ಜಾಗವಿದೆ. "ಕ್ಯಾಬಿನೆಟ್ ಒಳಗೆ ಬಿಸಿ ಇರುತ್ತದೆ, ಅಲ್ಲಿ ತೇವಾಂಶ ಶೇ. 50 ಮಾತ್ರ ತೋರಿಸುತ್ತದೆ, ಹಾಗಾಗಿ ಭಯವಿಲ್ಲ" ಅಂತ ಹೇಳುತ್ತಾರೆ. ಅದೇ ಗಾಳಿಯನ್ನು ಬಿಸಿ ಮಾಡಿದರೆ ಶೇಕಡಾ ಇಳಿಯುತ್ತದೆ, ಅದರಲ್ಲಿರುವ ನೀರು ಇಳಿಯುವುದಿಲ್ಲ. ಒಳಗೂ ಹೊರಗೂ ಇಬ್ಬನಿ ಬಿಂದು ಒಂದೇ. ಆದ್ದರಿಂದ ಶೇಕಡಾವನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ, ಇಬ್ಬನಿ ಬಿಂದುವನ್ನು ನೋಡಿ.

ಕಡಲ್_ಎಡಿಟ್, ಮಂಗಳೂರು
ಮೇಡಂ, ತಂಪು_ಕೆಲಸದವರೇ, ನಿಮ್ಮಿಬ್ಬರಿಗೂ ಹೇಗೆ ಧನ್ಯವಾದ ಹೇಳುವುದು ಅಂತ ಗೊತ್ತಾಗುವುದಿಲ್ಲ. ಎರಡು ವಾರದಿಂದ ನಿದ್ರೆ ಇರಲಿಲ್ಲ. ಈಗ ಎರಡು ಪ್ರಶ್ನೆ. ಒಂದು, ದಿನವೂ ಮಾಡಬೇಕಾದ್ದು ಏನು? ಎರಡು, ರೆಂಡರ್ (ಎಡಿಟ್ ಆದ ವಿಡಿಯೋ ಸಿದ್ಧ ಮಾಡುವ ಕೆಲಸ) ಇನ್ನೂ ಬೇಗ ಆಗಲಿ ಅಂತ ಮೀನಿನ ತೊಟ್ಟಿಗೆ ಹಾಕುವ ಅಕ್ವೇರಿಯಂ ಚಿಲ್ಲರ್ ಒಂದನ್ನು ಲೂಪ್‌ಗೆ ಸೇರಿಸುವ ಯೋಚನೆ ಇತ್ತು. ಬಿಡುವುದಾ?

ತಂಪು_ಕೆಲಸ, ಉಡುಪಿ
ಮೊದಲನೆಯದು ಸುಲಭ. ಎಸಿಯನ್ನು 20ರಲ್ಲಿ ಇಡಬೇಡಿ. ಹೊಸ ಎಸಿಗಳೆಲ್ಲ ಆನ್ ಮಾಡಿದ ಕೂಡಲೇ 24ಕ್ಕೆ ಬಂದು ನಿಲ್ಲುತ್ತವಲ್ಲ, 2020ರಿಂದ ಸ್ಟಾರ್ ರೇಟಿಂಗ್ ಇರುವ ಎಸಿಗೆ ಸರಕಾರವೇ ಅದನ್ನು ಕಡ್ಡಾಯ ಮಾಡಿದೆ, ಕರೆಂಟ್ ಉಳಿಯಲಿ ಅಂತ. ನಮ್ಮ ಕರಾವಳಿಯ ಮಳೆಗಾಲಕ್ಕೆ ಆ 24 ಕೂಡ ಒಂದು ಡಿಗ್ರಿ ಕಡಿಮೆಯೇ. 26 ಇಡಿ, ಸೀಲಿಂಗ್ ಫ್ಯಾನ್ ಹಾಕಿ. ಕೋಣೆ 26ಕ್ಕಿಂತ ಕೆಳಗೆ ಹೋಗದಿದ್ದರೆ ಲೂಪ್ ಕೂಡ ಹೋಗುವುದಿಲ್ಲ, ಕಿಟಕಿ ತೆಗೆದರೂ ಸಾಮಾನ್ಯವಾಗಿ ಹನಿ ಕೂರಲು ಜಾಗ ಸಿಗುವುದಿಲ್ಲ. ಕಂಪ್ಯೂಟರ್ ಎಸಿಯ ಗಾಳಿ ನೇರ ಬೀಳುವಲ್ಲಿದ್ದರೆ ಅಲ್ಲಿಂದ ತೆಗೆಯಿರಿ. ಎಸಿ ಬಾಯಿಂದ ಬರುವ ಗಾಳಿ ಕೋಣೆಯ ಗಾಳಿಗಿಂತ ಎಷ್ಟೋ ತಣ್ಣಗೆ, ರೇಡಿಯೇಟರ್ ಅದನ್ನೇ ಕುಡಿದರೆ ರಿಮೋಟ್‌ನಲ್ಲಿ 26 ಕಂಡರೂ ಲೂಪ್ ಅದಕ್ಕಿಂತ ಕೆಳಗೆ ಹೋಗಿರುತ್ತದೆ.

ಇನ್ನೊಂದು ಸೂಕ್ಷ್ಮ. ಕಂಪ್ರೆಸರ್ ನಿಂತು ಬರೀ ಫ್ಯಾನ್ ಓಡುವಾಗ, ಒಳಗಿನ ಕಾಯಿಲ್ ಮೇಲಿರುವ ನೀರು ಆವಿಯಾಗಿ ತಿರುಗಿ ಕೋಣೆಗೇ ಬರುತ್ತದೆ. ಬಂದ್ ಮಾಡಿದ ಮೇಲೆ ಕಾಯಿಲ್ ಒಣಗಿಸಲಿಕ್ಕೆ ತಾನೇ ಫ್ಯಾನ್ ಓಡಿಸುವ ಎಸಿಗಳಲ್ಲಿ ಇದು ಜಾಸ್ತಿ. ತೇವಾಂಶದ ಮೀಟರ್ ಇಟ್ಟರೆ ಹತ್ತು ನಿಮಿಷದಲ್ಲಿ ಮುಳ್ಳು ಹೇಗೆ ಏರುತ್ತದೆ ಅಂತ ನಿಮಗೇ ಕಾಣುತ್ತದೆ.

ಸಾಕೆಟ್_ಬೆಂಗಳೂರು
ಇದಕ್ಕೆ ನನ್ನ ಕಡೆಯಿಂದ ಒಂದು ಉಪಾಯ. ಮೊದಲು ತಪ್ಪು ಹೇಳಿದ್ದೀನಿ, ಅದಕ್ಕೆ ಈ ಸಲ ಲೆಕ್ಕ ಹಾಕಿಯೇ ಬರೀತೀನಿ. ಬಂದ್ ಮಾಡೋ ಮುಂಚೆ ನೀರನ್ನ ನೀವೇ ಬಿಸಿ ಮಾಡಿ. ಒಂದೂವರೆ ಲೀಟರ್ ನೀರನ್ನ 22ರಿಂದ 27ಕ್ಕೆ ಏರಿಸೋಕೆ ಸುಮಾರು 31 ಕಿಲೋಜೌಲ್ ಬೇಕು. ಸಿಪಿಯು 150 ವ್ಯಾಟ್ ಎಳೀತಾ ಇದ್ದರೆ ಮೂರೂವರೆ ನಿಮಿಷ, ಲೋಹದ ಭಾಗ ಸೇರಿಸಿ ಐದು ನಿಮಿಷ ಅಂತ ಇಟ್ಕೊಳ್ಳಿ. ರೇಡಿಯೇಟರ್ ಫ್ಯಾನ್ ಪೂರ್ತಿ ಕಮ್ಮಿ ಮಾಡಿ, ಪಂಪ್ ಓಡ್ತಾ ಇರಲಿ, ಒಂದು ಸಣ್ಣ ರೆಂಡರ್ ಹಾಕಿ. ನೀರು 30 ತೋರಿಸಿದ ಮೇಲೆ ಶಟ್‌ಡೌನ್ ಮಾಡಿ. ಆಮೇಲೆ ಕಿಟಕಿ ತೆಗೀಬಹುದು. ಪಂಪ್ ನಿಲ್ಲಿಸಿ ಮಾತ್ರ ಬಿಸಿ ಮಾಡಬೇಡಿ, ಅದು ಬೇರೆ ಅನಾಹುತ.

ಮಲೆನಾಡ್_ಮಳೆ, ತೀರ್ಥಹಳ್ಳಿ
ಕರೆಂಟ್ ಹೋದರೆ ಏನ್ ಮಾಡೋದು? ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟ್ ಇರಲ್ಲ. ಬಿಸಿ ಮಾಡೋಕೆ ಸಮಯವೇ ಸಿಗಲ್ಲ.

ತಂಪು_ಕೆಲಸ, ಉಡುಪಿ
ಕರೆಂಟ್ ಹೋದರೆ ಕಿಟಕಿ, ಬಾಗಿಲು ತೆಗೆಯಲೇಬೇಡಿ. ಸೆಕೆ ಆಗುತ್ತದೆ, ಗೊತ್ತು. ಕೋಣೆಯೊಳಗಿನ ಒಣ ಗಾಳಿ ಅಲ್ಲಿಯೇ ಇರಲಿ, ಲೂಪ್ ನಿಧಾನ ಬಿಸಿಯಾಗಲಿ. ಎರಡು ಗಂಟೆ ಬಿಟ್ಟರೆ ಸಾಕು. ಕೂತು ಕೆಲಸ ಮಾಡುವವರು ಹೊರಗೆ ಜಗಲಿಗೆ ಬನ್ನಿ.

ಮಲೆನಾಡ್_ಮಳೆ, ತೀರ್ಥಹಳ್ಳಿ
ಸರಿ. ನಮ್ಮ ಮನೇಲಿ ಎಸಿ ಇಲ್ಲ, ಹಾಗಾಗಿ ಈ ಸಮಸ್ಯೆ ಇಲ್ಲ. ಆದರೆ ಮೂರು ತಿಂಗಳು ಬಿಸಿಲೇ ಕಾಣದೆ ಬೂಷ್ಟು ಬರುತ್ತೆ. ಕ್ಯಾಬಿನೆಟ್ ಒಳಗೆ ಸಿಲಿಕಾ ಜೆಲ್ ಚೀಲ ಹಾಕಿದ್ದೆ, ಉಪಯೋಗ ಇದೆಯಾ?

ಭೌತಶಾಸ್ತ್ರ_ಮೇಡಂ, ಶಿವಮೊಗ್ಗ
ಫ್ಯಾನ್ ಇರುವ ಕ್ಯಾಬಿನೆಟ್‌ನಲ್ಲಿ ಇಲ್ಲ. ಮುಚ್ಚಿದ ಡಬ್ಬದಲ್ಲಿ ಕ್ಯಾಮೆರಾ ಲೆನ್ಸ್ ಇಡಲು ಸರಿ. ನಿಮಿಷಕ್ಕೊಮ್ಮೆ ಗಾಳಿ ಬದಲಾಗುವ ಪೆಟ್ಟಿಗೆಯಲ್ಲಿ ಆ ಚೀಲ ಇಡೀ ತೀರ್ಥಹಳ್ಳಿಯ ಮಳೆಗಾಲವನ್ನು ಹೀರಬೇಕಾಗುತ್ತದೆ. ನೀವು ಕಂಪ್ಯೂಟರನ್ನು ದಿನಕ್ಕೆ ಎರಡು ಗಂಟೆ ಸುಮ್ಮನೆ ಓಡಿಸಿದರೂ ಅದಕ್ಕಿಂತ ಒಳ್ಳೆಯದು, ಒಳಗೆ ಬೆಚ್ಚಗಿರುತ್ತದೆ.

ಬಿಸಿಲೂರು, ಕಲಬುರಗಿ
ಚಿಲ್ಲರ್ ಬಗ್ಗೆ ನಾ ಹೇಳ್ತೀನ್ರಿ, ಅದರಾಗ ಪೆಟ್ಟು ತಿಂದಾಂವ ನಾನು. ನಮ್ ಕಡಿ ಮೇ ತಿಂಗಳದಾಗ 40 ಡಿಗ್ರಿ ಅಂದ್ರ ಸಾದಾ ಮಾತು. ರೇಡಿಯೇಟರ್ ಎಷ್ಟ ದೊಡ್ಡದ್ ಹಾಕಿದ್ರೂ ನೀರು 48–50ಕ್ಕ ಹೋಗ್ತದ. ಅದಕ್ಕ ಚಿಲ್ಲರ್ ಹಾಕಿ 18ಕ್ಕ ಇಟ್ಟೆ. ಒಂದ್ ಹನಿ ಬರಲಿಲ್ಲ. ಪೈಪ್ ಮುಟ್ಟಿದ್ರ ತಣ್ಣಗ, ಆದ್ರ ಒಣಗಿದ್ದ. ನನಗ ಭಾಳ ಹೆಮ್ಮಿ ಆತು. ಇನ್ಸುಲೇಷನ್ ಯಾಕ ಬೇಕು ಅಂತ ಬಿಟ್ಟೆ.

ಜುಲೈದಾಗ ಮಳಿ ಬಂತು. ನಾ ಊರಿಗೆ ಹೋಗಿದ್ದೆ, ತಮ್ಮ ಕುಂತು ಕೆಲಸ ಮಾಡ್ತಿದ್ದ. ಥರ್ಮೋಸ್ಟ್ಯಾಟ್ ಅದೇ 18ರಾಗ ಅದ. ಮೂರನೇ ದಿವಸ ಮಷೀನ್ ಒಮ್ಮೆಲೆ ಬಂದಾತು. ಬಂದು ಬಿಚ್ಚಿ ನೋಡ್ತೀನಿ, ಬೋರ್ಡ್ ಹಿಂದ, ಸಿಪಿಯು ಕೂರೂ ಸಾಕೆಟ್ ಕೆಳಗ, ಹಸರ ಬಣ್ಣದ ಕಿಲುಬು. ಮುಂದಿನ ಕಡಿ ಅಷ್ಟೇನ್ ಕಾಣಂಗಿಲ್ಲ. ಬೋರ್ಡ್ ಹೋತು, ಸಿಪಿಯು ಉಳೀತು.

ಭೌತಶಾಸ್ತ್ರ_ಮೇಡಂ, ಶಿವಮೊಗ್ಗ
ಅಣ್ಣಾ, ನಿಮ್ಮ ಎರಡು ತಿಂಗಳ ಅಂಕಿಯನ್ನೇ ನೋಡಿ. ಮೇನಲ್ಲಿ 40 ಡಿಗ್ರಿ, ತೇವಾಂಶ ಶೇ. 20 ಅಂದರೆ ಇಬ್ಬನಿ ಬಿಂದು 13ರ ಹತ್ತಿರ. 18ರ ಪೈಪ್ ಅದಕ್ಕಿಂತ ಮೇಲೆ. ಜುಲೈನಲ್ಲಿ 27 ಡಿಗ್ರಿ, ಶೇ. 80 ಅಂದರೆ ಇಬ್ಬನಿ ಬಿಂದು 23. ಅದೇ 18 ಈಗ ಐದು ಡಿಗ್ರಿ ಕೆಳಗೆ. ಹೊರಗಿನ ಬಿಸಿ ಇಳಿದಾಗ ಅಪಾಯ ಏರಿತು. ಚಿಲ್ಲರ್‌ಗೆ ಒಂದೇ ಅಂಕಿ ಇಟ್ಟು ವರ್ಷವಿಡೀ ಬಿಡಲು ಕರ್ನಾಟಕದ ಯಾವ ಊರಿನಲ್ಲೂ ಆಗುವುದಿಲ್ಲ.

ಬಿಸಿಲೂರು, ಕಲಬುರಗಿ
ಖರೇ ಅದರೀ ಮೇಡಂ. ಬಿಸಿಲಿಗೆ ಅಂಜಿ ಚಿಲ್ಲರ್ ತಂದೆ, ಬಿಸಿಲಿನ್ಯಾಗ ಏನೂ ಆಗಲಿಲ್ಲ.

ಸಾಕೆಟ್_ಬೆಂಗಳೂರು
ಬೋರ್ಡ್ ಹಿಂದೆ ಕಿಲುಬು ಬಂದಿದ್ದು ಯಾಕೆ ಅಂದ್ರೆ, ಸಾಕೆಟ್‌ನ ನೂರಾರು ಪಿನ್‌ಗಳು ತಂಪನ್ನ ಬೋರ್ಡ್ ಆಚೆ ಕಡೆಗೆ ದಾಟಿಸುತ್ತವೆ. ಎಲ್ಲರೂ ಬ್ಲಾಕ್ ಸುತ್ತ ಮಾತ್ರ ಮುಚ್ಚಿ, ಹಿಂದೆ ಬಿಡ್ತಾರೆ. ಚಿಲ್ಲರ್ ಹಾಕಲೇಬೇಕು ಅನ್ನೋರಿಗೆ ನಾನು ಮಾಡೋ ರೀತಿ ಹೇಳ್ತೀನಿ.

ಚಿತ್ರ ಬಿಡಿಸೋರು ಬಳಸೋ ನಾದುವ ರಬ್ಬರ್ ಸಿಗುತ್ತೆ, ಚಪಾತಿ ಹಿಟ್ಟಿನ ಹಾಗೆ ಮೆದು. ಅದನ್ನ ಸಾಕೆಟ್ ಸುತ್ತ, ಕೆಪಾಸಿಟರ್‌ಗಳ ನಡುವೆ ಬೆರಳಿನಿಂದ ಒತ್ತಿ ಒತ್ತಿ ತುಂಬ್ತೀನಿ. ಉದ್ದೇಶ ಒಂದೇ, ತಣ್ಣನೆಯ ಲೋಹಕ್ಕೂ ಗಾಳಿಗೂ ಭೇಟಿ ಆಗಬಾರದು. ಒಂದು ಸಾಸಿವೆ ಕಾಳಿನಷ್ಟು ಗಾಳಿಯ ಗುಳ್ಳೆ ಉಳಿದರೂ ಅಲ್ಲೇ ನೀರು ಸೇರುತ್ತೆ. ಸಾಕೆಟ್ ಸುತ್ತಲಿನ ಸಣ್ಣ ಭಾಗಗಳಿಗೆ ಕರೆಂಟ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್. ಹಿಂದೆ ಮುಚ್ಚಿದ ರಂಧ್ರದ ಕಪ್ಪು ನೈಟ್ರೈಲ್ ಫೋಮ್ ಶೀಟ್, ಅದರ ಮೇಲೆ ಬ್ಯಾಕ್‌ಪ್ಲೇಟ್. ಸಾಮಾನ್ಯ ಸ್ಪಾಂಜ್ ಹಾಕಿದರೆ ಅದು ನೀರನ್ನ ಕುಡಿದು ಬೋರ್ಡ್‌ಗೆ ಒತ್ತಿ ಹಿಡಿಯುತ್ತೆ. ವಿನೆಗರ್ ವಾಸನೆ ಬರೋ ಸಿಲಿಕೋನ್ ಕೂಡ ಬೇಡ, ಅದು ಒಣಗುವಾಗ ಬಿಡೋ ಆಮ್ಲ ತಾಮ್ರವನ್ನ ತಿನ್ನುತ್ತೆ.

ತಂಪು_ಕೆಲಸ, ಉಡುಪಿ
ಫೋಮ್ ವಿಷಯದಲ್ಲಿ ನನಗೆ ಹೇಳಲಿಕ್ಕೆ ತುಂಬ ಉಂಟು, ನನ್ನ ದಿನದ ಕೆಲಸವೇ ಅದು. ಗಟ್ಟದ ಮೇಲಿನವರು ತೆಳು ಪೈಪ್ ಹಾಕಿ ಎಸಿ ಕೂರಿಸಿ ಹೋಗುತ್ತಾರೆ, ಮಳೆಗಾಲದಲ್ಲಿ ಫಾಲ್ಸ್ ಸೀಲಿಂಗ್‌ನಿಂದ ತೊಟ್ಟು ತೊಟ್ಟು ಬೀಳುತ್ತದೆ, ಮತ್ತೆ ನಮ್ಮನ್ನು ಕರೆಯುತ್ತಾರೆ. ಫೋಮ್‌ನ ಕೆಲಸ ಒಳಗಿನ ತಂಪನ್ನು ಉಳಿಸುವುದು ಅಷ್ಟೇ ಅಲ್ಲ, ಫೋಮ್‌ನ ಹೊರಮೈ ಇಬ್ಬನಿ ಬಿಂದುವಿಗಿಂತ ಬೆಚ್ಚಗೆ ಇರಬೇಕು. 15 ಡಿಗ್ರಿ ನೀರು ಹರಿಯುತ್ತಿದೆ ಅಂತ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ 25 ಡಿಗ್ರಿ, ಶೇ. 60ರ ದಿನ ಇಬ್ಬನಿ ಬಿಂದು 17ರ ಒಳಗೆ. ಹೊರಮೈ ಎರಡು ಡಿಗ್ರಿ ಏರಿದರೆ ಸಾಕು, ತೆಳು ಪಟ್ಟಿಯೂ ನಡೆಯುತ್ತದೆ. ನಮ್ಮಲ್ಲಿ 28 ಡಿಗ್ರಿ, ಶೇ. 90ರ ದಿನ ಇಬ್ಬನಿ ಬಿಂದು 26ರ ಮೇಲೆ. ಹೊರಮೈ ಕೋಣೆಯ ಗಾಳಿಗಿಂತ ಎರಡು ಡಿಗ್ರಿ ಕಡಿಮೆ ಇದ್ದರೂ ಒದ್ದೆ. ಅದಕ್ಕೆ ಸಪಾಟು ಜಾಗದಲ್ಲಿ ಸುಮಾರು ಒಂದು ಇಂಚು ದಪ್ಪ ಬೇಕಾಗುತ್ತದೆ. ಬೋರ್ಡ್ ಹಿಂದೆ ಒಂದು ಇಂಚು ಫೋಮ್ ಹಾಕಲಿಕ್ಕೆ ಯಾವ ಕ್ಯಾಬಿನೆಟ್‌ನಲ್ಲಿ ಜಾಗ ಉಂಟು?

ಮತ್ತೆ ಜೋಡಣೆ. ಎರಡು ಫೋಮ್ ತುಂಡು ಸೇರುವಲ್ಲಿ ಗಮ್ ಹಾಕದಿದ್ದರೆ ಆವಿ ಒಳಗೆ ನುಗ್ಗಿ ಪೈಪಿನ ಮೇಲೆಯೇ ನೀರಾಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಎಷ್ಟೋ ಸಲ ಫೋಮ್ ಸೀಳಿದಾಗ ಒಳಗಿಂದ ಒಂದು ಲೋಟದಷ್ಟು ನೀರು ಸುರಿದದ್ದು ಉಂಟು.

ಕಡಲ್_ಎಡಿಟ್‌ರವರೇ, ನಿಮ್ಮ ಎರಡನೇ ಪ್ರಶ್ನೆಗೆ ಇದೇ ಉತ್ತರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರವೇ ಎರಡು–ಮೂರು ಡಿಗ್ರಿ. ಚಿಲ್ಲರ್ ಇಟ್ಟು 28ಕ್ಕಿಂತ ಕೆಳಗೆ ಹೋಗಲಿಕ್ಕಾಗದಿದ್ದರೆ ಅದಕ್ಕೆ ಹಣ ಯಾಕೆ? ಆ ಹಣದಲ್ಲಿ ಇನ್ನೊಂದು ರೇಡಿಯೇಟರ್ ಹಾಕಿ.

ಜುಬೈಲ್_ಕನ್ನಡಿಗ
ಇಲ್ಲಿ ಸೌದಿಯ ಪೂರ್ವ ಕರಾವಳಿಯಲ್ಲಿ ಆಗಸ್ಟ್ ಬಂದರೆ ಕಿಟಕಿಯ ಗಾಜಿನ ಹೊರಮೈಯಲ್ಲಿ ನೀರು ಇಳಿಯುತ್ತದೆ. ನಮ್ಮ ಪಕ್ಕದ ದಹ್ರಾನ್‌ನಲ್ಲಿ 2003ರ ಜುಲೈ 8ರಂದು ಇಬ್ಬನಿ ಬಿಂದು 35 ಡಿಗ್ರಿ ದಾಖಲಾಗಿದೆ. ಮನುಷ್ಯನ ಚರ್ಮದ ಮೇಲೆಯೇ ಗಾಳಿಯ ನೀರು ಕೂರುವ ಮಟ್ಟ ಅದು. ನಾನೂ ಕುಂದಾಪುರದವನೇ, ಊರಿನ ಮಳೆಗಾಲ ಗೊತ್ತು, ಆದರೆ ಇಲ್ಲಿ ಮಳೆ ಇಲ್ಲದೆ ಈ ತೇವ. ಲ್ಯಾಪ್‌ಟಾಪ್ ಕಾರಿನಿಂದ ತೆಗೆದು ಹೊರಗೆ ಇಟ್ಟರೆ ಅರ್ಧ ನಿಮಿಷದಲ್ಲಿ ಒದ್ದೆ. ನಾವು ಎಸಿ ಕೋಣೆಯಿಂದ ಯಾವ ಸಾಮಾನು ಹೊರಗೆ ತೆಗೆದರೂ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ, ಅದು ಹೊರಗಿನ ಬಿಸಿಗೆ ಬಂದ ಮೇಲೆ ಚೀಲ ಬಿಚ್ಚುತ್ತೇವೆ. ಮದುವೆ ಶೂಟಿಂಗ್‌ಗೆ ಹೋಗುವ ನಿಮ್ಮ ಕ್ಯಾಮೆರಾಗಳಿಗೂ ಇದೇ ಮಾಡಿ.

ಮಲೆನಾಡ್_ಮಳೆ, ತೀರ್ಥಹಳ್ಳಿ
ಒಂದು ಸಂಶಯ. ಮಣ್ಣಿನ ಮಡಕೆಯ ನೀರು ತಂಪಾಗಿರುತ್ತಲ್ಲ, ಅದನ್ನೇ ಲೂಪ್‌ಗೆ ಕೊಟ್ಟರೆ? ಮಡಕೆ ಕೂಡ ಹೊರಗೆ ಬೆವರುತ್ತೆ.

ಭೌತಶಾಸ್ತ್ರ_ಮೇಡಂ, ಶಿವಮೊಗ್ಗ
ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಕೇಳುತ್ತೇನೆ. ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬಿನ ಹೊರಗಿನ ನೀರು ಗಾಳಿಯಿಂದ ಬಂದದ್ದು. ಮಡಕೆಯ ಹೊರಗಿನ ತೇವ ಒಳಗಿಂದ ಜಿನುಗಿದ್ದು. ಎರಡೂ ನೋಡಲು ಒಂದೇ, ನಡೆಯುವುದು ತದ್ವಿರುದ್ಧ: ಚೊಂಬಿನ ಮೇಲೆ ಆವಿ ನೀರಾಗುತ್ತಿದೆ, ಮಡಕೆಯ ಮೇಲೆ ನೀರು ಆವಿಯಾಗುತ್ತಿದೆ. ಆವಿಯಾಗುವುದರಿಂದ ಸಿಗುವ ತಂಪು ಎಷ್ಟೇ ಇಳಿದರೂ ಆ ಗಾಳಿಯ ಇಬ್ಬನಿ ಬಿಂದುವನ್ನು ದಾಟಿ ಕೆಳಗೆ ಹೋಗುವುದಿಲ್ಲ. ಆದ್ದರಿಂದ ಮಡಕೆಯ ತತ್ವದಲ್ಲಿ ತಂಪಾದ ನೀರಿನ ಪೈಪ್ ಅದೇ ಗಾಳಿಯಲ್ಲಿ ಹನಿಗಟ್ಟುವುದಿಲ್ಲ. ಕಲಬುರಗಿಯ ಬೇಸಿಗೆಗೆ ಇದು ಚಿಲ್ಲರ್‌ಗಿಂತ ಒಳ್ಳೆಯ ದಾರಿ. ತೀರ್ಥಹಳ್ಳಿಯ ಜುಲೈನಲ್ಲಿ ಮಡಕೆಯೂ ತಂಪಾಗುವುದಿಲ್ಲ, ನಿಮಗೇ ಗೊತ್ತು.

ರಾತ್ರಿ_ಪಾಳಿ, ವೈಟ್‌ಫೀಲ್ಡ್
ನಾನು ಡೇಟಾ ಸೆಂಟರ್‌ನಲ್ಲಿ ಕೂಲಿಂಗ್ ನೋಡಿಕೊಳ್ಳುವವನು. ನಮ್ಮಲ್ಲಿ ಸರ್ವರ್ ಒಳಗೆ ಹೋಗುವ ನೀರು ಮತ್ತು ಹೊರಗಿನ ಚಿಲ್ಲರ್ ನೀರು ಬೇರೆ ಬೇರೆ ಸರ್ಕ್ಯೂಟ್. ನಡುವೆ ಒಂದು ಹೀಟ್ ಎಕ್ಸ್‌ಚೇಂಜರ್ ಘಟಕ ಇದ್ದು, ಅದು ಕೋಣೆಯ ಇಬ್ಬನಿ ಬಿಂದುವನ್ನು ಸದಾ ಅಳೆಯುತ್ತಾ ಸರ್ವರ್ ಕಡೆಯ ನೀರನ್ನು ಅದಕ್ಕಿಂತ ಕನಿಷ್ಠ ಎರಡು ಡಿಗ್ರಿ ಮೇಲೆ ಇಡುತ್ತದೆ. ತೇವಾಂಶ ಏರಿದರೆ ನೀರಿನ ಉಷ್ಣತೆಯೂ ತಾನಾಗಿ ಏರುತ್ತದೆ. ಇತ್ತೀಚೆಗೆ ದೊಡ್ಡ ಯಂತ್ರಗಳಲ್ಲಿ ನೀರನ್ನು ತಂಪು ಮಾಡುವ ಆಸೆಯನ್ನೇ ಬಿಟ್ಟಿದ್ದಾರೆ. ಜರ್ಮನಿಯ ಮ್ಯೂನಿಕ್ ಹತ್ತಿರದ ಸೂಪರ್‌ಎಂಯುಸಿ ಎಂಬ ಸೂಪರ್‌ಕಂಪ್ಯೂಟರ್ 2012ರಲ್ಲೇ 40 ಡಿಗ್ರಿ ಮೀರಿದ ಬೆಚ್ಚಗಿನ ನೀರಿನಲ್ಲಿ ಓಡಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಕೂಡ ನೇರ ದ್ರವ ಕೂಲಿಂಗ್‌ನದೇ. ಚಿಪ್ 80 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ ಅಂದಾಗ 40 ಡಿಗ್ರಿ ನೀರೂ ಅದಕ್ಕೆ ತಂಪೇ, ಮತ್ತು 40 ಡಿಗ್ರಿ ಪೈಪಿನ ಮೇಲೆ ಯಾವ ಊರಿನ ಗಾಳಿಯೂ ಹನಿ ಹಾಕುವುದಿಲ್ಲ.

ಮನೆ ಬಳಕೆಗೆ ಇದೇ ಕೆಲಸವನ್ನು ಇಂಟೆಲ್ ಒಮ್ಮೆ ಮಾಡಿತ್ತು. 2020ರಲ್ಲಿ ಬಂದ ಕ್ರಯೋ ಕೂಲಿಂಗ್, ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗಾಗುವ ಪೆಲ್ಟಿಯರ್ ಫಲಕ ಇಟ್ಟು, ತೇವಾಂಶದ ಸೆನ್ಸರ್ ನೋಡಿಕೊಂಡು ಇಬ್ಬನಿ ಬಿಂದುವಿನ ಮೇಲೆಯೇ ನಿಲ್ಲಿಸುತ್ತಿತ್ತು. 2023ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ತತ್ವ ಮಾತ್ರ ನೀವೇ ಮಾಡಿಕೊಳ್ಳಬಹುದಾದಷ್ಟು ಸರಳ: ಪ್ರೋಗ್ರಾಂ ಹಾಕಬಹುದಾದ ಸಣ್ಣ ಇಎಸ್‌ಪಿ32 ಬೋರ್ಡ್ ಒಂದು, ಕೋಣೆಯ ಗಾಳಿಯ ಉಷ್ಣತೆ, ತೇವಾಂಶಕ್ಕೆ ಎಸ್‌ಎಚ್‌ಟಿ31 ಸೆನ್ಸರ್, ಪೈಪಿಗೆ ಅಂಟಿಸಲು ಉಷ್ಣತೆಯ ಸೆನ್ಸರ್ ಡಿಎಸ್18ಬಿ20. ಪೈಪ್ ಇಬ್ಬನಿ ಬಿಂದುವಿಗೆ ಮೂರು ಡಿಗ್ರಿ ಹತ್ತಿರ ಬಂದರೆ ಬಜರ್ ಕೂಗಲಿ, ಚಿಲ್ಲರ್ ಇದ್ದರೆ ರಿಲೇ ಸ್ವಿಚ್ ಅದನ್ನು ನಿಲ್ಲಿಸಲಿ. ನೀಲಿ ಡಬ್ಬದ ಅಗ್ಗದ ಡಿಎಚ್‌ಟಿ11 ಬೇಡ, ಅದರ ಉಷ್ಣತೆಯೇ ಎರಡು ಡಿಗ್ರಿ ಆಚೀಚೆ. ಕರಾವಳಿಯಲ್ಲಿ ನಿಮ್ಮ ಅಂತರ ಎರಡು ಡಿಗ್ರಿ ಇರುವಾಗ ಅಂಥ ಸೆನ್ಸರ್ ಇಟ್ಟರೆ ಇಡದ ಹಾಗೆಯೇ.

ಭೌತಶಾಸ್ತ್ರ_ಮೇಡಂ, ಶಿವಮೊಗ್ಗ
ಯಾವ ಸೆನ್ಸರ್ ತಂದರೂ ಅದನ್ನು ನಂಬುವ ಮೊದಲು ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಅದು ಒದ್ದೆ ಮರಳಿನ ಹಾಗೆ ಆಗುವಷ್ಟು ಮಾತ್ರ ನೀರು ಹನಿಸಿ. ಉಪ್ಪು ಪೂರ್ತಿ ಕರಗಬಾರದು, ಹರಳು ಕಾಣುತ್ತಿರಬೇಕು. ಆ ಮುಚ್ಚಳ ಮತ್ತು ಸೆನ್ಸರ್ ಎರಡನ್ನೂ ಜಿಪ್ ಚೀಲದಲ್ಲಿ, ಒಂದಕ್ಕೊಂದು ತಾಗದಂತೆ ಇಟ್ಟು ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಸೆನ್ಸರ್ ಐದು ಕಡಿಮೆ ಹೇಳುತ್ತಿದೆ, ಅಂದರೆ ಇಬ್ಬನಿ ಬಿಂದುವನ್ನು ಒಂದು ಡಿಗ್ರಿ ಕಡಿಮೆ ಹೇಳುತ್ತಿದೆ. ಆ ಐದನ್ನು ಪ್ರೋಗ್ರಾಂನಲ್ಲಿ ಕೂಡಿಸಿಬಿಡಿ.

ಬಿಸಿಲೂರು, ಕಲಬುರಗಿ
ಒಂದ್ ಮಾತು ಬಿಟ್ಟಿದ್ದೆ. ಹನಿ ಕಂಡ್ರ ಮಷೀನ್ ಆನ್ ಮಾಡಿ ಬಿಸಿಗೆ ಒಣಗಿಸ್ತೀನಿ ಅನ್ನಬ್ಯಾಡ್ರಿ. ನನ್ ತಮ್ಮ ಅದ ಮಾಡ್ಯಾನ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಫ್ಯಾನ್ ಗಾಳಿಗೆ ಒಂದ್ ದಿನ ಪೂರಾ ಇಡ್ರಿ. ಹನಿ ನೀರು ಶುದ್ಧ ಇರ್ತದ, ಆದ್ರ ಬೋರ್ಡ್ ಮ್ಯಾಲಿನ ಧೂಳು ಸೇರಿದ್ರ ಅದೂ ಕರೆಂಟ್ ಹರಸ್ತದ. ಕಿಲುಬು ಜೋರಾಗಿ ಬರೂದು ನೀರು ಮತ್ತ ಕರೆಂಟ್ ಎರಡೂ ಕೂಡಿದಾಗ.

ಕಡಲ್_ಎಡಿಟ್, ಮಂಗಳೂರು
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಸಿ 26ರಲ್ಲಿ. ಕಂಪ್ಯೂಟರನ್ನು ಎಸಿ ಎದುರಿನ ಗೋಡೆಯಿಂದ ಬಾಗಿಲ ಮೂಲೆಗೆ ತಂದೆ. ಎಸ್‌ಎಚ್‌ಟಿ31 ತರಿಸಿ ಉಪ್ಪಿನ ಪರೀಕ್ಷೆ ಮಾಡಿದೆ, 73 ತೋರಿಸಿತು, ಎರಡು ಕೂಡಿಸಿದೆ. ರಾತ್ರಿ ಹೊರಡುವ ಮೊದಲು ಫ್ಯಾನ್ ಇಳಿಸಿ ಸಣ್ಣ ರೆಂಡರ್ ಹಾಕುತ್ತೇನೆ, ನಾಲ್ಕನೇ ನಿಮಿಷಕ್ಕೆ ನೀರು 31 ಮುಟ್ಟುತ್ತದೆ. ಸಿಪಿಯು ಬ್ಲಾಕ್ ಸುತ್ತ ಟಿಶ್ಯೂ ಒಂದು ಸುತ್ತು ಕಟ್ಟಿಟ್ಟಿದ್ದೆ, ಇಪ್ಪತ್ತೊಂದು ಬೆಳಿಗ್ಗೆಯೂ ಒಣಗಿಯೇ ಇತ್ತು. ಒಂದು ರಾತ್ರಿ ಕರೆಂಟ್ ಹೋದಾಗ ಹುಡುಗ ಅಭ್ಯಾಸದಲ್ಲಿ ಕಿಟಕಿ ತೆಗೆದ, ಬಜರ್ ಕೂಗಿತು, ಪವರ್ ಬ್ಯಾಂಕ್‌ನಲ್ಲಿ ಓಡುವ ಹಾಗೆ ಮಾಡಿದ್ದು ಉಪಕಾರವಾಯಿತು. ತಕ್ಷಣ ಮುಚ್ಚಿದೆವು. ಚಿಲ್ಲರ್‌ನ ಆರ್ಡರ್ ರದ್ದು ಮಾಡಿ ಇನ್ನೊಂದು 360 ರೇಡಿಯೇಟರ್ ಹಾಕಿದ್ದೇನೆ.

ತಂಪು_ಕೆಲಸ, ಉಡುಪಿ
ಸಂತೋಷ. ಎಸಿಯ ಡ್ರೇನ್ ಪೈಪ್ ಕೂಡ ಒಮ್ಮೆ ತೊಳೆಸಿಬಿಡಿ. ಮಳೆಗಾಲದಲ್ಲಿ ಅದು ಕಟ್ಟಿಕೊಂಡರೆ ಒಳಗಿನ ಟ್ರೇ ತುಂಬಿ ಗೋಡೆಯ ಮೇಲೆ ಇಳಿಯುತ್ತದೆ, ಮತ್ತೆ ನೀವು ಟಾರ್ಚ್ ಹಿಡಿದು ಲೂಪ್ ಹುಡುಕುತ್ತೀರಿ.